ತೈಲವರ್ಣ ಚಿತ್ರವನ್ನು ನೋಡುವ ಬಗೆ: ಜಗಲಿಯ ಪಟದಿಂದ ಗ್ಯಾಲರಿಯ ಮೂಲ ಕೃತಿಯವರೆಗೆ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹಳೆಯ ಮನೆಗಳ ಜಗಲಿಯಲ್ಲೋ ದೇವರ ಕೋಣೆಯಲ್ಲೋ ರವಿವರ್ಮರ ಲಕ್ಷ್ಮಿ, ಸರಸ್ವತಿಯರ ಪಟಗಳು ಇನ್ನೂ ಇವೆ. ಚಿತ್ರ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ಕಣ್ಣಮುಂದೆ ಬರುವುದು ಅವೇ. ಅಲ್ಲಿರುವವರು ಯಾರು, ಕೈಯಲ್ಲಿ ಏನಿದೆ, ಯಾವ ಪ್ರಸಂಗ ಎಂದು ಗುರುತು ಹಿಡಿದರೆ ನೋಡುವ ಕೆಲಸ ಮುಗಿಯಿತು ಎಂಬ ಅಭ್ಯಾಸವೂ ಆ ಪಟಗಳಿಂದಲೇ ಬಂದಿದೆ. ಅಚ್ಚಾದ ಪಟಕ್ಕೆ ಅಷ್ಟು ಸಾಕು. ತೈಲವರ್ಣದ ಮೂಲ ಕೃತಿಗೆ ಸಾಲದು. ಅದು ಪದರದ ಮೇಲೆ ಪದರ ಬಣ್ಣ ಕೂಡಿಸಿ ಕಟ್ಟಿದ ವಸ್ತು. ಕಲಾವಿದರು ಎಲ್ಲಿ ಅವಸರ ಮಾಡಿದರು, ಎಲ್ಲಿ ತಡೆದು ನಿಂತರು, ಯಾವುದನ್ನು ಅಳಿಸಿ ಮತ್ತೆ ಬರೆದರು ಎಂಬುದೆಲ್ಲ ಅದರ ಮೈಮೇಲೆಯೇ ಉಳಿದಿರುತ್ತದೆ. ಮೊದಲು ಬಣ್ಣವನ್ನು ನೋಡಬೇಕು, ಆಮೇಲೆ ಹೆಸರು, ಕತೆ. ಮುಂದಿನ ಹಂತಗಳೆಲ್ಲ ಈ ಕ್ರಮವನ್ನೇ ನಂಬಿವೆ.

ಎಣ್ಣೆಯ ಗುಣ

ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಒಣಗುವ ಎಣ್ಣೆಯಲ್ಲಿ ಕಲಸಿದರೆ ತೈಲವರ್ಣ. ಎಣ್ಣೆ ಹೆಚ್ಚಾಗಿ ಅಗಸೆಯದು. ಕೆಲವು ತಿಳಿಬಣ್ಣಗಳಿಗೆ ಗಸಗಸೆಯದು ಅಥವಾ ಕುಸುಬೆಯದು. ಕರಾವಳಿಯ ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬರುವುದಿಲ್ಲ, ವರ್ಷ ಕಳೆದರೂ ಅದು ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಬದಲಾಗುತ್ತದೆ. ತೈಲವರ್ಣದ ಸೊಗಸೆಲ್ಲ ಈ ಒಂದು ಗುಣದಿಂದ ಬಂದದ್ದು. ನಿಧಾನವಾಗಿ ಒಣಗುವುದರಿಂದ ಕೆನ್ನೆಯ ಬೆಳಕನ್ನು ನೆರಳಿನೊಳಗೆ ಗೆರೆ ಕಾಣದಂತೆ ಬೆರೆಸಬಹುದು. ಒಣಗಿದ ಮೇಲೆ ಕುಗ್ಗದೆ ಉಳಿಯುವುದರಿಂದ ದಪ್ಪ ಬಣ್ಣದ ಏರು ಬ್ರಷ್ಷಿನ ಕೂದಲ ಗುರುತಿನ ಸಮೇತ ನೂರಾರು ವರ್ಷ ನಿಲ್ಲುತ್ತದೆ. ಎಣ್ಣೆ ಹೆಚ್ಚಿಸಿ ತೆಳುವಾಗಿ ಬಳಿದರೆ ಬಣ್ಣ ಗಾಜಿನ ಹಾಳೆಯಾಗುತ್ತದೆ. ಕೆಳಗಿನ ಪದರದ ಬೆಳಕು ಅದರ ಮೂಲಕ ಹೊರಗೆ ಬರುತ್ತದೆ.

ಕಟ್ಟುವ ಕ್ರಮ ಸಾಮಾನ್ಯವಾಗಿ ಹೀಗೆ: ಮರದ ಚೌಕಕ್ಕೆ ಎಳೆದು ಬಿಗಿದ ಬಟ್ಟೆ, ಅದರ ಮೇಲೆ ಅಂಟಿನ ಲೇಪ, ಬಿಳಿ ಅಸ್ತರು, ರೇಖೆ, ಕಂದು ಬಣ್ಣದ ತೆಳು ನೆರಳು, ಆಮೇಲೆ ದಟ್ಟ ಬಣ್ಣಗಳು, ಕೊನೆಗೆ ಪಾರದರ್ಶಕ ಲೇಪಗಳು, ಎಲ್ಲ ಒಣಗಿದ ಮೇಲೆ ವಾರ್ನಿಷ್. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ಇದು ತಿರುವುಮುರುವಾದರೆ ಮೇಲಿನದು ಬೇಗ ಒಣಗಿ ಗಟ್ಟಿಯಾಗುತ್ತದೆ, ಕೆಳಗಿನದು ಇನ್ನೂ ಮೆತ್ತಗಿದ್ದು ಅಲುಗಾಡುತ್ತಲೇ ಇರುತ್ತದೆ, ಮೇಲ್ಮೈ ಅಗಲವಾಗಿ ಬಿರಿಯುತ್ತದೆ.

ಓದುವುದಕ್ಕಿಂತ ಒಮ್ಮೆ ಕೈಯಾರೆ ಮಾಡಿ ನೋಡುವುದು ಮೇಲು. ಚಿತ್ರ ಬಿಡಿಸಲು ಬರಬೇಕೆಂದೇನಿಲ್ಲ. 8 x 10 ಇಂಚಿನ ಒಂದು ಕ್ಯಾನ್ವಾಸ್ ಬೋರ್ಡ್, ಬರ್ಂಟ್ ಅಂಬರ್ (ಕಂದು) ಮತ್ತು ಟೈಟೇನಿಯಂ ವೈಟ್ (ಬಿಳಿ) ಎಂಬ 2 ಟ್ಯೂಬು, ಒಂದು ಚಪ್ಪಟೆ ಬ್ರಷ್, ಒಂದು ಪ್ಯಾಲೆಟ್ ನೈಫ್ (ಬಣ್ಣ ಬಳಿಯುವ ಮೊಂಡು ಚೂರಿ), ಚಿತ್ರಕಲೆಗೆಂದೇ ಮಾರುವ ಟರ್ಪೆಂಟೈನ್ ಮತ್ತು ಅಗಸೆ ಎಣ್ಣೆಯ ಸಣ್ಣ ಶೀಶೆಗಳು ಸಾಕು. ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್, ಸೀಮೆಎಣ್ಣೆ ಬೇಡ; ಅವು ಜಿಡ್ಡು ಬಿಟ್ಟು ಬಣ್ಣ ಒಣಗದಂತೆ ಮಾಡುತ್ತವೆ. ಬೋರ್ಡಿನ ಮೇಲೆ 4 ಪಟ್ಟಿ ಬಳಿಯಿರಿ: ಒಂದು ಟರ್ಪೆಂಟೈನಿನಲ್ಲಿ ನೀರಾಗಿಸಿದ ಅಂಬರ್, ಒಂದು ಟ್ಯೂಬಿನಿಂದ ಬಂದ ಹಾಗೆಯೇ, ಒಂದು ನೈಫಿನಲ್ಲಿ 3 ಮಿ.ಮೀ. ದಪ್ಪಕ್ಕೆ ಬಳಿದ ಬಿಳಿ. ನಾಲ್ಕನೆಯದು ತೆಳುವಾದ ಬಿಳಿ ಪಟ್ಟಿ. ಅದು ಪೂರ್ತಿ ಒಣಗಿದ ಮೇಲೆ, ಅಗಸೆ ಎಣ್ಣೆಯಲ್ಲಿ ತಿಳಿಯಾಗಿಸಿದ ಅಂಬರನ್ನು ಅದರ ಮೇಲೆ ಎಳೆಯಿರಿ. ದಿನಕ್ಕೊಮ್ಮೆ ಅಂಚನ್ನು ಬೆರಳ ತುದಿಯಲ್ಲಿ ಮುಟ್ಟಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು 1ರಿಂದ 3 ದಿನಕ್ಕೆ ಒಣಗುತ್ತದೆ, ತೆಳು ಬಿಳಿಗೆ ವಾರ ಬೇಕಾದೀತು. ದಪ್ಪ ಬಿಳಿ ಮೇಲೆ ಸಿಪ್ಪೆಗಟ್ಟಿದರೂ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಆಷಾಢದ ತೇವದಲ್ಲಿ ಇನ್ನೂ ತಡ. ನಾಲ್ಕನೆಯ ಪಟ್ಟಿಯ ಕಂದು ಎರಡನೆಯ ಪಟ್ಟಿಯ ಕಂದಿಗಿಂತ ಎಷ್ಟು ಬೆಚ್ಚಗೆ, ಎಷ್ಟು ಆಳವಾಗಿ ಕಾಣುತ್ತದೆಂದು ಹೋಲಿಸಿ. ಗ್ಯಾಲರಿಯಲ್ಲಿ ಹುಡುಕಬೇಕಾದ ಬೆಳಕು ಅದೇ.

ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮನೆಯಲ್ಲಿರುವುದು ಅಚ್ಚೋ, ಕೈಯಲ್ಲಿ ಬರೆದದ್ದೋ

ಅಟ್ಟದ ಮೇಲಿನ ಹಳೆಯ ಪಟವನ್ನು ‘ಅಸಲಿ ರವಿವರ್ಮ’ ಎಂದು ನಂಬಿದವರು ಬಹಳ. ಅದು ಓಲಿಯೋಗ್ರಾಫ್, ಅಂದರೆ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ತೆಗೆದ ವಾರ್ನಿಷ್ ಪ್ರತಿ ಆಗಿರುವ ಸಾಧ್ಯತೆಯೇ ಹೆಚ್ಚು. ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದರು. ಮುಂದೆ ಅದು ಲೋಣಾವಳದ ಬಳಿಯ ಮಳವಳಿಗೆ ಹೋಯಿತು, ಆಮೇಲೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರ ಕೈಸೇರಿತು. ನಮ್ಮ ಮನೆಗಳ ದೇವರ ಕೋಣೆಗೆ ಬಂದದ್ದು ಈ ಪ್ರತಿಗಳು ಮತ್ತು ಇವನ್ನು ನೋಡಿ ಬೇರೆಯವರು ಹಾಕಿದ ಅಚ್ಚುಗಳು. ಅಚ್ಚು ಎಂದು ಕೀಳಾಗಿ ಕಾಣಬೇಕಿಲ್ಲ. ಹಳೆಯ ಓಲಿಯೋಗ್ರಾಫಿಗೆ ಅದರದೇ ಬೆಲೆಯಿದೆ. ಸೀರೆಗೆ ಜರಿ, ಚಮಕಿ ಹೊಲಿದು ಅಂಟಿಸಿದವು ಇನ್ನೂ ಅಪರೂಪ, ಅಲಂಕಾರವನ್ನು ಕಿತ್ತು ‘ಶುದ್ಧ’ ಮಾಡಲು ಹೋಗಬೇಡಿ.

ಪರೀಕ್ಷಿಸಲು ಬೇಕಾದದ್ದು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಮೊಬೈಲಿನ ಬೆಳಕು. ಪಟವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಅಂಗಾತ ಮಲಗಿಸಿ. ಕೋಣೆಯ ದೀಪ ಆರಿಸಿ, ಮೊಬೈಲನ್ನು ಪಟದ ಅಂಚಿನ ಮಟ್ಟಕ್ಕೆ ತಂದು ಬೆಳಕು ಓರೆಯಾಗಿ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಕೈಯಲ್ಲಿ ಬರೆದ ಚಿತ್ರವಾದರೆ ಬಣ್ಣದ ಏರುತಗ್ಗು ಚಿತ್ರದ ಅರ್ಥಕ್ಕೆ ತಕ್ಕಂತೆ ಇರುತ್ತದೆ: ಮೂಗಿನ ತುದಿಯ ಬೆಳಕು, ಮುತ್ತಿನ ಹೊಳಪು ಎದ್ದು ನಿಂತಿರುತ್ತವೆ, ನೆರಳು ತೆಳುವಾಗಿರುತ್ತದೆ. ಕೆಲವು ಓಲಿಯೋಗ್ರಾಫುಗಳಿಗೆ ಬಟ್ಟೆಯ ನೇಯ್ಗೆಯನ್ನು ಒತ್ತಿಸಿರುತ್ತಾರೆ. ಆ ಒತ್ತು ಮುಖದ ಮೇಲೂ ಆಕಾಶದ ಮೇಲೂ ಒಂದೇ ಸಮನಾಗಿರುತ್ತದೆ, ಅಲ್ಲೇ ಗುಟ್ಟು ಹೊರಬೀಳುತ್ತದೆ. ಇನ್ನು ಭೂತಗನ್ನಡಿ ಇಟ್ಟು ಕೆನ್ನೆಯ ನೆರಳನ್ನು ನೋಡಿ. ಕಲ್ಲಚ್ಚಿನಲ್ಲಿ ಕೈಯಿಂದ ಹಾಕಿದ ಅಂಕುಡೊಂಕು ಚುಕ್ಕೆಗಳು ಕಾಣುತ್ತವೆ. ಈಚಿನ ಆಫ್‌ಸೆಟ್ ಅಚ್ಚಿನಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಹೂವಿನ ವಿನ್ಯಾಸದಲ್ಲಿ ಸಾಲುಗಟ್ಟಿರುತ್ತವೆ. ಕ್ಯಾನ್ವಾಸಿನ ಮೇಲೆ ತೆಗೆದ ಡಿಜಿಟಲ್ ಪ್ರತಿ ಈಗಿನ ದೊಡ್ಡ ಮೋಸ. ಅದಕ್ಕೆ ಮೇಲಿನಿಂದ ಪಾರದರ್ಶಕ ಜೆಲ್ ಬಳಿದು ಬ್ರಷ್ಷಿನ ಗುರುತು ತೋರಿಸುತ್ತಾರೆ. ಆದರೆ ಆ ಗುರುತಿನ ದಿಕ್ಕು ಒಂದು, ಕೆಳಗಿನ ಬಣ್ಣ ಸಾಗುವ ದಿಕ್ಕು ಇನ್ನೊಂದು.

ಹಿಂಬದಿಯನ್ನು ಮರೆಯಬೇಡಿ. ಮೂಲ ಚಿತ್ರದ ಬಟ್ಟೆ ವಯಸ್ಸಿಗೆ ತಕ್ಕಂತೆ ಕಂದಾಗಿರುತ್ತದೆ, ಮರದ ಚೌಕದ ಒಳಮೂಲೆಗಳಲ್ಲಿ ಸಣ್ಣ ಬೆಣೆಗಳಿರುತ್ತವೆ. ಹಳೆಯದಕ್ಕೆ ಸಣ್ಣ ಮೊಳೆ, ಈಚಿನದಕ್ಕೆ ಸ್ಟೇಪಲ್ ಪಿನ್ನು. ಅಚ್ಚಾದರೆ ಕೆಳ ಅಂಚಿನಲ್ಲಿ ಹೆಸರು, ಅಚ್ಚುಕೂಟದ ಊರು ಇದ್ದೀತು, ಕಟ್ಟು ಹಾಕುವಾಗ ಅದನ್ನು ಕತ್ತರಿಸಿರಲೂಬಹುದು. ಸಹಿಯನ್ನು ನೋಡುವುದು ಎಲ್ಲಕ್ಕಿಂತ ಕೊನೆಗೆ. ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದದ್ದು ಸಹಿ.

ಊರಲ್ಲೇ ಕಣ್ಣು ಪಳಗಿಸುವುದು

ಗ್ಯಾಲರಿಗೆ ಹೋಗುವ ಮೊದಲು ಒಂದೆರಡು ವಾರ ಈ ಅಭ್ಯಾಸ ಮಾಡಿದರೆ ಅಲ್ಲಿ ಕಳೆಯುವ ಹೊತ್ತಿಗೆ ಫಲ ಹೆಚ್ಚು. ಕಾರವಾರದ ಕಡಲತೀರದಲ್ಲಿ ಸಂಜೆ 5.30ರ ನಂತರ ನಿಂತು ಕಾಳಿ ಸಂಗಮದ ಕಡೆ, ಸದಾಶಿವಗಡದ ಗುಡ್ಡದ ಕಡೆ, ಆಮೇಲೆ ದೂರದ ದ್ವೀಪಗಳ ಕಡೆ ನೋಡಿ. ಹತ್ತಿರದ ಹಸಿರು ಬೆಚ್ಚಗೆ, ಅಂಚು ಚೂಪು. ದೂರ ಹೋದಷ್ಟೂ ಬಣ್ಣ ನೀಲಿಗೆ ತಿರುಗುತ್ತದೆ, ಕಪ್ಪು ಮಾಸುತ್ತದೆ, ಅಂಚು ಕರಗುತ್ತದೆ. ನಿಸರ್ಗಚಿತ್ರದಲ್ಲಿ ಆಳ ಹುಟ್ಟಿಸುವುದು ಈ ಮೂರೇ. ಕಣ್ಣನ್ನು ಅರೆ ಮುಚ್ಚಿ ಅದೇ ನೋಟವನ್ನು ನೋಡಿದರೆ ವಿವರ ಹೋಗಿ ಕಪ್ಪು, ನಡುಬಣ್ಣ, ಬೆಳಕು ಎಂಬ 3 ತುಂಡುಗಳಷ್ಟೇ ಉಳಿಯುತ್ತವೆ. ಗ್ಯಾಲರಿಯಲ್ಲಿ ಬಳಸುವ ಉಪಾಯವೂ ಇದೇ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಕಪ್ಪುಬಿಳುಪು ಮಾಡಿ ನಿಮ್ಮ ಅಂದಾಜು ಸರಿಯೇ ಎಂದು ತಾಳೆ ನೋಡಬಹುದು.

ಶಿರಸಿ ಕಡೆಯವರಿಗೆ ಅಡಿಕೆ ತೋಟ ಇದೆ. ತೋಟದ ನೆರಳಲ್ಲಿ ನಿಂತವರ ಬಿಳಿ ಪಂಚೆಯನ್ನು ಮಧ್ಯಾಹ್ನ ನೋಡಿ, ಅದು ಬಿಳಿಯಾಗಿರುವುದಿಲ್ಲ. ಮಡಿಕೆಗಳಲ್ಲಿ ಹಸಿರು, ಕೆಳಗೆ ಮಣ್ಣಿನ ಕೆಂಪು ಪ್ರತಿಫಲನ, ಬಿಸಿಲು ಬಿದ್ದ ಒಂದೆರಡು ತುಣುಕಿನಲ್ಲಿ ಮಾತ್ರ ನಿಜವಾದ ಬಿಳಿ. ಒಳ್ಳೆಯ ತೈಲವರ್ಣ ಚಿತ್ರಕಾರರು ಬಿಳಿ ಬಟ್ಟೆಯನ್ನು ಬರೆಯುವುದು ಹೀಗೆ. ಅದನ್ನು ಕಂಡುಹಿಡಿದ ದಿನ ಸಿಗುವ ಸಂತೋಷ ದೊಡ್ಡದು.

ಎಲ್ಲಿಗೆ ಹೋಗಬೇಕು

ಉತ್ತರ ಕನ್ನಡ ಜಿಲ್ಲೆಗೆ ತೀರ ಹತ್ತಿರದ, ನಮ್ಮವರು ಬಳಸಿಕೊಳ್ಳದ ಜಾಗ ಪಣಜಿ. ಕಾರವಾರದಿಂದ ಸುಮಾರು 100 ಕಿ.ಮೀ. ಅಲ್ಲಿನ ಫೊಂಟೈನ್ಹಾಸ್ ಕೇರಿಯ ಫುಂಡಾಸಾವ್ ಓರಿಯೆಂತೆ ಎಂಬ ಪೋರ್ಚುಗೀಸ್ ಸಾಂಸ್ಕೃತಿಕ ಸಂಸ್ಥೆಯಲ್ಲಿ ಆಂಟೋನಿಯೋ ಶೇವಿಯರ್ ತ್ರಿಂದಾದ್ (1870–1935) ಅವರ ಚಿತ್ರಸಂಗ್ರಹವಿದೆ. ನಮ್ಮ ಗಡಿಗೆ ಹೊಂದಿದ ದಕ್ಷಿಣ ಗೋವಾದ ಸಾಂಗೆಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು ಅವರು. ಭಾವಚಿತ್ರದಲ್ಲಿ ನೆರಳನ್ನು ಕಂದು ಬಣ್ಣದಲ್ಲಿ ಕಟ್ಟಿ ಮುಖಕ್ಕೆ ಮಾತ್ರ ಬೆಳಕು ಬಿಡುವ ಅವರ ಕೈ ಹತ್ತಿರದಿಂದ ನೋಡತಕ್ಕದ್ದು. ಮಗಳು ಏಂಜೆಲಾ ತ್ರಿಂದಾದ್ (1909–1980) ಕೂಡ ಚಿತ್ರಕಾರ್ತಿ; ಒಂದೇ ಮನೆಯ ಎರಡು ತಲೆಮಾರು ಬಣ್ಣವನ್ನು ಹೇಗೆ ಬೇರೆಬೇರೆಯಾಗಿ ಬಳಸಿತು ಎಂದು ಹೋಲಿಸಬಹುದು. ಹಳೆ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಪೋರ್ಚುಗೀಸ್ ವೈಸರಾಯ್, ಗವರ್ನರುಗಳ ಭಾವಚಿತ್ರಗಳ ದೊಡ್ಡ ಸಾಲೇ ಇದೆ. ಶತಮಾನಗಳಲ್ಲಿ ಅವುಗಳ ಮೇಲೆ ಮತ್ತೆ ಮತ್ತೆ ಬಣ್ಣ ಬಳಿದು ದುರಸ್ತಿ ಮಾಡಿದ್ದಾರೆ. ಮೇಲುಬಣ್ಣ ಎಂದರೇನು ಎಂದು ಕಲಿಯಲು ಅದು ಒಳ್ಳೆಯ ಪಾಠ.

ಬೆಂಗಳೂರಿಗೆ ಕಾರವಾರದಿಂದ ಪಂಚಗಂಗಾ ರೈಲಿನಲ್ಲಿ ಸಂಜೆ ಹೊರಟರೆ ಬೆಳಗ್ಗೆ ತಲುಪಬಹುದು. ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಚಿತ್ರಕಲಾ ಪರಿಷತ್ತು, ವೆಂಕಟಪ್ಪ ಚಿತ್ರಶಾಲೆ, ಈ ಮೂರೂ ಒಂದೇ ದಿನಕ್ಕೆ ಹೆಚ್ಚಾಯಿತು, ಒಂದನ್ನು ಆರಿಸಿಕೊಳ್ಳಿ. ರಾಷ್ಟ್ರೀಯ ಗ್ಯಾಲರಿಗೆ ಸೋಮವಾರ ರಜೆ. ಯಾವ ಚಿತ್ರ ಈಗ ಗೋಡೆಯ ಮೇಲಿದೆ, ಯಾವ ಕೋಣೆ ದುರಸ್ತಿಗೆ ಮುಚ್ಚಿದೆ ಎಂದು ಮೊದಲೇ ಫೋನು ಮಾಡಿ ಕೇಳಬೇಕು. ಸಂಗ್ರಹದಲ್ಲಿ ಇದ್ದದ್ದೆಲ್ಲ ಪ್ರದರ್ಶನದಲ್ಲಿ ಇರುವುದಿಲ್ಲ. ರವಿವರ್ಮರಿಗಾಗಿಯೇ ಹೋಗುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು.

ಅಲ್ಲಿ ಎಲ್ಲರೂ ಮುಗಿಬೀಳುವ, ದೀಪಕ್ಕೆ ಬೆರಳು ಮರೆಮಾಡಿ ನಿಂತ ಹೆಂಗಸಿನ ಚಿತ್ರದ ಬಗ್ಗೆ ಒಂದು ಮಾತು. ಅದು ರವಿವರ್ಮರದಲ್ಲ, ತೈಲವರ್ಣವೂ ಅಲ್ಲ. ಸಾವಂತವಾಡಿಯಲ್ಲಿ ಹುಟ್ಟಿದ ಎಸ್.ಎಲ್. ಹಲ್ದಣಕರ್ (1882–1968) ಅವರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು 1940ರ ದಶಕದಲ್ಲಿ ಬರೆದ ಜಲವರ್ಣ. ರವಿವರ್ಮರು 1906ರಲ್ಲೇ ತೀರಿಕೊಂಡಿದ್ದರು. ಜಲವರ್ಣದಲ್ಲಿ ತಪ್ಪಿದರೆ ಮುಚ್ಚಲು ದಾರಿ ಕಡಿಮೆ; ಬೆರಳ ಸಂದಿನ ಆ ಕೆಂಪು ಬೆಳಕನ್ನು ಕಾಗದದ ಬಿಳಿಯನ್ನು ಉಳಿಸಿಕೊಂಡೇ ತರಬೇಕು. ಇದು ಗೊತ್ತಾದ ಮೇಲೆ ಚಿತ್ರದ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಚಿತ್ರದ ಪಕ್ಕದ ವಿವರದ ಚೀಟಿಯಲ್ಲಿ ‘ಮಾಧ್ಯಮ’ ಎಂಬ ಸಾಲನ್ನು ತಪ್ಪದೆ ಓದಬೇಕು ಎನ್ನುವುದು ಇದಕ್ಕೇ.

ಚಿತ್ರದ ಮುಂದೆ 15 ನಿಮಿಷ

ಒಂದು ಭೇಟಿಗೆ 5 ಚಿತ್ರ ಸಾಕು. ಕೋಣೆಯನ್ನು ಒಮ್ಮೆ ಸುತ್ತಿ ಬನ್ನಿ, ಕಾಲು ತಾನಾಗಿ ನಿಂತ ಕಡೆ ನಿಲ್ಲಿ. ಚೀಟಿ ಓದಬೇಡಿ, ಫೋಟೋ ತೆಗೆಯಬೇಡಿ. ಮೊದಲ ನಿಲುಗಡೆ ದೂರದಲ್ಲಿ, ಚಿತ್ರದ ಕರ್ಣದ (ಮೂಲೆಯಿಂದ ಎದುರು ಮೂಲೆಗಿರುವ ಉದ್ದದ) 3 ಪಟ್ಟು. 1 ಮೀಟರ್ ಕರ್ಣವಾದರೆ 3 ಮೀಟರ್. ಇಲ್ಲಿ ಕಣ್ಣು ಅರೆ ಮುಚ್ಚಿ ದೊಡ್ಡ ತುಂಡುಗಳನ್ನಷ್ಟೇ ನೋಡಿ: ಬೆಳಕು ಎಲ್ಲಿಂದ ಬಂತು, ಅತಿ ಕಪ್ಪು ಎಲ್ಲಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಸರಿಯಿತು. ಎರಡನೆಯದು ಕರ್ಣದಷ್ಟೇ ದೂರದಲ್ಲಿ. ಈಗ ಅಂಚುಗಳನ್ನು ಹಿಂಬಾಲಿಸಿ. ಕೆನ್ನೆಯ ಒಂದು ಬದಿ ಹಿನ್ನೆಲೆಗೆ ಕರಗಿ, ಇನ್ನೊಂದು ಬದಿ ಚೂಪಾಗಿ ಕತ್ತರಿಸಿದ್ದರೆ ಅದು ಅಕಸ್ಮಾತ್ತಲ್ಲ. ಕಣ್ಣು ಎಲ್ಲಿ ನಿಲ್ಲಬೇಕೆಂದು ಚಿತ್ರಕಾರರು ಅಲ್ಲಿ ತೀರ್ಮಾನಿಸಿದ್ದಾರೆ. ಮೂರನೆಯದು ಅರ್ಧ ಮೀಟರಿನಲ್ಲಿ, ಕಾವಲುಗಾರರ ಗೆರೆ ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ. ಕೈ ಹಿಂದೆ ಕಟ್ಟಿಕೊಳ್ಳಿ.

ಹತ್ತಿರ ಹೋದಾಗ ಚಿತ್ರ ಒಡೆದು ಬರೀ ಬಣ್ಣದ ಮುದ್ದೆಯಾಗಿ ಕಂಡರೆ ಗಾಬರಿ ಬೇಡ. ಯಕ್ಷಗಾನದ ಚೌಕಿಯಲ್ಲಿ ಮಾರುದೂರದಿಂದ ನೋಡಿದ ವೇಷದ ಮುಖವರ್ಣಿಕೆ ಒರಟು ಗೆರೆ. ರಂಗದ ಮೇಲೆ ಬಂದಾಗ ಅದೇ ರಾಜಕಳೆ. ಒಡೆಯುವ ಮತ್ತು ಕೂಡುವ ಆ ಗಡಿ ಎಲ್ಲಿದೆ ಎಂದು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಹೋಗಿ ಹುಡುಕಿ. ತೈಲವರ್ಣ ನೋಡುವುದರಲ್ಲಿ ಅತಿ ಹೆಚ್ಚು ಸುಖ ಕೊಡುವ ಜಾಗ ಅದು. ಯಾವ ಪುಸ್ತಕದ ಅಚ್ಚಿನಲ್ಲೂ ಸಿಗುವುದಿಲ್ಲ.

ಜಗನ್ಮೋಹನದಲ್ಲಿರುವ ರವಿವರ್ಮರ ‘ಸಂಗೀತಗಾರ್ತಿಯರ ಸಮೂಹ’ವನ್ನು ತೆಗೆದುಕೊಳ್ಳಿ. ಬೇರೆಬೇರೆ ಪ್ರಾಂತದ ಉಡುಗೆಯ 11 ಹೆಂಗಸರು ಅದರಲ್ಲಿದ್ದಾರೆ. ದೂರದಿಂದ ಮುಖಗಳ ಬೆಳಕು ಹೇಗೆ ಗುಂಪನ್ನು ಹೊಲಿಯುತ್ತದೆ ಎಂದು ನೋಡಿ. ಆಮೇಲೆ ಒಂದು ಸೀರೆಯ ಅಂಚಿಗೆ ಬನ್ನಿ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರದಲ್ಲಿ ಒಡವೆಗೆ ಚಿನ್ನದ ರೇಕನ್ನೇ ಅಂಟಿಸುತ್ತಾರೆ. ಇಲ್ಲಿ ಚಿನ್ನವಿಲ್ಲ. ಕಂದು ತಳ, ಅದರ ಮೇಲೆ ಮಂಕು ಹಳದಿ, ಬೆಳಕು ತಾಗಿದ ಕಡೆ ತಿಳಿಹಳದಿಯ ದಪ್ಪ ಚುಕ್ಕೆ, ಅಷ್ಟೇ. ಲೋಹದ ಹೊಳಪು ಹುಟ್ಟುವುದು ಆ ಚುಕ್ಕೆ ಮತ್ತು ಪಕ್ಕದ ಕಪ್ಪಿನ ಅಂತರದಿಂದ. ರೇಷ್ಮೆ ಮತ್ತು ಹತ್ತಿಯನ್ನು ಬೇರೆ ಮಾಡುವುದೂ ಇದೇ: ರೇಷ್ಮೆಯ ಮಡಿಕೆಯಲ್ಲಿ ಬೆಳಕಿನಿಂದ ನೆರಳಿಗೆ ಜಿಗಿತ ಥಟ್ಟನೆ, ಹತ್ತಿಯಲ್ಲಿ ಮೆಲ್ಲಗೆ.

ಅದರ ಪಕ್ಕದಲ್ಲಿ ಮನಸ್ಸಿನಲ್ಲೇ ಅಮೃತಾ ಶೇರ್‌ಗಿಲ್ (1913–1941) ಅವರ ‘ಮೂವರು ಹುಡುಗಿಯರು’ (1935) ಇಡಿ. ಮೂಲ ದೆಹಲಿಯ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಪ್ಯಾರಿಸಿನಲ್ಲಿ ಕಲಿತು ಬಂದವರಿಗೆ ರೇಷ್ಮೆಯ ಮಿನುಗು ಬರೆಯುವುದು ಗೊತ್ತಿತ್ತು, ಬೇಡವೆಂದು ಬಿಟ್ಟರು. ಬಟ್ಟೆ ಇಲ್ಲಿ ಬಣ್ಣದ ಸಪಾಟು ಹರವು. ಹುಡುಗಿಯರ ಮನಸ್ಸನ್ನು ಹೇಳುವುದು ಬಾಗಿದ ತಲೆ, ಸುಮ್ಮನೆ ಬಿದ್ದ ಕೈ. 1937ರಲ್ಲಿ ದಕ್ಷಿಣ ಭಾರತ ಸುತ್ತಿದ ಮೇಲೆ ಬರೆದ ‘ವಧುವಿನ ಸಿಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’ ಎಂಬ 3 ಚಿತ್ರಗಳಲ್ಲಿ ಈ ಬಿಡುವಿಕೆ ಇನ್ನೂ ಮುಂದೆ ಹೋಗಿದೆ, ಅಜಂತಾದ ಭಿತ್ತಿಚಿತ್ರಗಳ ಪ್ರಭಾವ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗ್ಯಾಲರಿಯಲ್ಲಿ ಟಾರ್ಚು ಬಿಡುವಂತಿಲ್ಲ, ಫ್ಲ್ಯಾಶ್ ಸಲ್ಲದು. ಓರೆಬೆಳಕು ಬೇಕೆಂದರೆ ನೀವೇ ಸರಿಯಿರಿ: ಚಿತ್ರದ ಬದಿಗೆ ಹೋಗಿ, ಸ್ವಲ್ಪ ಮಂಡಿ ಬಗ್ಗಿಸಿ, ಕಿಟಕಿಯ ಪ್ರತಿಫಲನ ಮೇಲ್ಮೈ ಮೇಲೆ ಜಾರುವಂತೆ ನೋಡಿ. ಬಿರುಕುಗಳು ಆಗ ಮಾತಾಡುತ್ತವೆ. ಇಡೀ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಜಾಲವಿದ್ದರೆ ಅದು ವಯಸ್ಸು. ಅಗಲವಾಗಿ, ಬೇಸಗೆಯ ಕೆರೆಯಂಗಳದ ಹಾಗೆ ಸೀಳಿದ್ದರೆ ಪದರಗಳ ಕ್ರಮ ತಪ್ಪಿದೆ. ಅಂಚಿಗೆ ಸಮಾನಾಂತರವಾಗಿ 4–5 ಸೆಂ.ಮೀ. ಒಳಗೆ ನೇರ ಗೆರೆಯಾಗಿದ್ದರೆ ಹಿಂದಿನ ಮರದ ಪಟ್ಟಿಯ ಗುರುತು. ಜೇಡರ ಬಲೆಯಂತೆ ಸುತ್ತು ಸುತ್ತಾಗಿದ್ದರೆ ಯಾರೋ ಹಿಂಬದಿಗೆ ಮೊಣಕೈಯನ್ನೋ ಪೆಟ್ಟಿಗೆಯನ್ನೋ ತಾಗಿಸಿದ್ದಾರೆ. ಒಂದು ಕಡೆ ಹೊಳಪು, ಪಕ್ಕದಲ್ಲಿ ಮಂಕು ಕಂಡರೆ ಅಲ್ಲಿ ಎಣ್ಣೆ ಕೆಳಪದರಕ್ಕೆ ಇಂಗಿದೆ, ಇಲ್ಲವೆ ಆಮೇಲೆ ದುರಸ್ತಿಯಾಗಿದೆ. ಚಿತ್ರ ಒಟ್ಟಾರೆ ಹಳದಿಯಾಗಿದ್ದರೆ ಅದು ಚಿತ್ರಕಾರರ ಬಣ್ಣವೆಂದು ತಿಳಿಯಬೇಡಿ, ಹಳೆಯ ರಾಳದ ವಾರ್ನಿಷ್ ಹಳದಿಗಟ್ಟಿದೆ. ನೀಲಿ ಆಕಾಶ ಹಸಿರಾಗಿ ಕಾಣುವುದು ಅದರಿಂದಲೇ.

ಇಷ್ಟಾದ ಮೇಲೆ ಚೀಟಿ ಓದಿ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ.

ಕಲಾವಿದರ ಹಿಂದೆ ಹೋಗುವುದು

ಹತ್ತು ಜನರ ಬಗ್ಗೆ ಹತ್ತು ಸಾಲು ಓದುವ ಬದಲು ಒಬ್ಬರನ್ನು 3 ತಿಂಗಳು ಹಿಡಿದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಅಡ್ಡಪುಟ ತಿರುಗಿಸಿ 4 ಕಲಂ ಹಾಕಿ: ವರ್ಷ, ಊರು, ಯಾರ ಬಳಿ ಕಲಿತರು ಅಥವಾ ಯಾರಿಗಾಗಿ ಬರೆದರು, ಆ ವರ್ಷದ ಒಂದು ಚಿತ್ರ. ನಾಲ್ಕನೆಯ ಕಲಂ ಖಾಲಿ ಬಿಟ್ಟು ಉಳಿದ ಮೂರನ್ನೇ ತುಂಬುವವರು ಹೆಚ್ಚು. ಅದು ಜೀವನಚರಿತ್ರೆಯಾಗುತ್ತದೆ, ಚಿತ್ರದ ತಿಳಿವಳಿಕೆಯಾಗುವುದಿಲ್ಲ. ಆರಂಭ, ನಡು, ಕೊನೆ ಎಂದು 3 ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಏನು ಹೋಯಿತು, ಏನು ಉಳಿಯಿತು ಎಂದು ಬರೆಯಿರಿ.

ಆರಂಭಕ್ಕೆ ನಮ್ಮ ಕರಾವಳಿಯವರೇ ಆದ ಕೆ.ಕೆ. ಹೆಬ್ಬಾರರು (1911–1996) ಬಹಳ ಒಳ್ಳೆಯ ಆಯ್ಕೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟು, ಮುಂಬೈಯ ಜೆ.ಜೆ. ಶಾಲೆಯ ಶಿಸ್ತು, ಆಮೇಲೆ ಪ್ಯಾರಿಸಿನ ಅಕಾಡೆಮಿ ಜೂಲಿಯನ್. ಯಕ್ಷಗಾನದ ಕುಣಿತವನ್ನು ಕೈ ಎತ್ತದೆ ಎಳೆದಂಥ ರೇಖೆಗಳಲ್ಲಿ ಹಿಡಿದವರು. ಅವರ ತೈಲವರ್ಣವನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಆ ರೇಖೆ ದಪ್ಪ ಬಣ್ಣದೊಳಗೆ ಎಲ್ಲಿ ಅಡಗಿದೆ? ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಅವರು ಕೊಟ್ಟ ಚಿತ್ರಗಳಿವೆ.

ರವಿವರ್ಮರನ್ನು ಹಿಡಿದರೆ ತಮ್ಮ ಸಿ. ರಾಜರಾಜವರ್ಮರನ್ನೂ ಸೇರಿಸಿಕೊಳ್ಳಿ. ಅಣ್ಣನ ಜೊತೆ ಊರೂರು ತಿರುಗಿ, ಎಷ್ಟೋ ಚಿತ್ರಗಳಿಗೆ ನೆರವಾದವರು, ಸ್ವತಃ ನಿಸರ್ಗಚಿತ್ರದಲ್ಲಿ ಪಳಗಿದವರು, ದಿನಚರಿ ಬರೆದಿಟ್ಟವರು. ಚಿತ್ರದ ಮುಂದಿನ ಆಕೃತಿಯ ಕೈವಾಡಕ್ಕೂ ಹಿಂದಿನ ಗುಡ್ಡ, ಮರಗಳ ಕೈವಾಡಕ್ಕೂ ವ್ಯತ್ಯಾಸವಿದೆಯೇ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ. ಕತೆಯೇ ಇಲ್ಲದ ಚಿತ್ರಕ್ಕೆ ಧೈರ್ಯ ಬಂದಾಗ ಗೋವಾ ಮೂಲದ ವಿ.ಎಸ್. ಗಾಯ್ತೊಂಡೆ (1924–2001) ಅವರ ಬಳಿಗೆ ಹೋಗಿ. ರೋಲರ್, ಪ್ಯಾಲೆಟ್ ನೈಫ್ ಬಳಸಿ ಬಣ್ಣವನ್ನು ಹಾಕುತ್ತ, ತೆಗೆಯುತ್ತ, ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರ ಮುಗಿಸುತ್ತಿದ್ದವರು ಅವರು. ಅಲ್ಲಿ ಗುರುತಿಸಲು ಏನೂ ಇಲ್ಲದ್ದರಿಂದ ಪದರಗಳನ್ನು ನೋಡದೆ ಬೇರೆ ದಾರಿಯಿಲ್ಲ.

ಕಾರವಾರದ ಹೆಸರಿನ ಜೊತೆ ಬರುವ ರವೀಂದ್ರನಾಥ ಟಾಗೋರರನ್ನು ಈ ಸಾಲಿಗೆ ಸೇರಿಸಲು ಆಸೆಯಾಗುವುದು ಸಹಜ. ಆದರೆ ಅವರು ಚಿತ್ರಕಲೆಗೆ ಇಳಿದದ್ದು ಅರವತ್ತು ದಾಟಿದ ಮೇಲೆ, ಬಹುಪಾಲು ಕಾಗದದ ಮೇಲೆ ಶಾಯಿಯಲ್ಲಿ. ಅದನ್ನು ನೋಡುವ ಕ್ರಮವೇ ಬೇರೆ.

ಕಡಲ ಗಾಳಿ, ಮಳೆಗಾಲ ಮತ್ತು ಮನೆಯ ಚಿತ್ರ

ಪ್ರೀತಿಸಿ ಕೊಂಡ ಚಿತ್ರವನ್ನು ನಮ್ಮ ಹವೆಯಲ್ಲಿ ಉಳಿಸಿಕೊಳ್ಳುವುದು ನೋಡುವುದರಷ್ಟೇ ಮುಖ್ಯ. ಗಾಳಿಯ ತೇವಾಂಶ ಶೇ. 65–70 ದಾಟಿದರೆ ಬೂಷ್ಟು ಹುಟ್ಟುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಅದಕ್ಕಿಂತ ಬಹಳ ಮೇಲಿರುತ್ತದೆ. ಬಟ್ಟೆಗೆ ಬಳಿದ ಅಂಟು ತೇವ ಕುಡಿದು ಹಿಗ್ಗುತ್ತದೆ, ಕ್ಯಾನ್ವಾಸ್ ಸಡಿಲವಾಗುತ್ತದೆ. ತೇವ ತೀರ ಹೆಚ್ಚಿದರೆ ನೂಲು ಉಬ್ಬಿ ಬಟ್ಟೆಯೇ ಕುಗ್ಗುತ್ತದೆ. ಬಣ್ಣದ ಪೊರೆ ಅದರ ಜೊತೆ ಕುಗ್ಗಲಾರದೆ ಎದ್ದು ನಿಂತು ಉದುರುತ್ತದೆ.

ಮಳೆ ಹೊಡೆಯುವ ಪಡುವಣ ಗೋಡೆಗೆ, ಗಿಲಾಯಿ ಮಾಡದ ಚಿರೇಕಲ್ಲಿನ ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ, ಒಳಗೋಡೆ ಆರಿಸಿ. ಕೆಳಗಿನ ಎರಡು ಮೂಲೆಗೆ 2 ಸೆಂ.ಮೀ. ದಪ್ಪದ ಬೂಚು ಅಥವಾ ಮರದ ತುಂಡು ಅಂಟಿಸಿ, ಹಿಂದೆ ಗಾಳಿಯಾಡಬೇಕು. ಹಿಂಬದಿಗೆ ರಟ್ಟು ಬೇಡ, ಅದು ತೇವ ಕುಡಿದು ಗೆದ್ದಲನ್ನು ಕರೆಯುತ್ತದೆ. ಬ್ಯಾನರ್ ಅಂಗಡಿಯವರು ಬಳಸುವ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ, ಮೇಲೆ ಕೆಳಗೆ ಒಂದೊಂದು ಸಂದು ಬಿಡಿ. ಕ್ಯಾನ್ವಾಸ್ ಮಳೆಗಾಲದಲ್ಲಿ ಜೋಲು ಬಿತ್ತೆಂದು ಆಗಲೇ ಬೆಣೆ ಬಡಿದು ಬಿಗಿಮಾಡಬೇಡಿ. ಬೇಸಗೆಯಲ್ಲಿ ಅದು ಒಣಗಿ ಬಿಗಿದಾಗ ಬಣ್ಣ ಸೀಳುತ್ತದೆ. ತೈಲವರ್ಣಕ್ಕೆ ಗಾಜು ಬೇಕಿಲ್ಲ. ಕಾಗದದ ಓಲಿಯೋಗ್ರಾಫಿಗೆ ಗಾಜು ಬೇಕು, ಆದರೆ ನಡುವೆ ಮೌಂಟಿನ (ಚಿತ್ರದ ಸುತ್ತ ಇಡುವ ದಪ್ಪ ಪಟ್ಟಿಯ) ಅಂತರ ಇರಲೇಬೇಕು. ಇಲ್ಲವಾದರೆ ಹಳೆಯ ವಾರ್ನಿಷ್ ತೇವದಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಳೆದರೆ ದೇವರ ಮುಖವೇ ಗಾಜಿನಲ್ಲಿ ಉಳಿಯುತ್ತದೆ.

ಮಳೆಗಾಲದಲ್ಲಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುವುದು ರೂಢಿ. ಇದು ತಪ್ಪು. ಗಾಳಿಯಿಲ್ಲದೆ ಬೂಷ್ಟು ಹಿಡಿಯುತ್ತದೆ, ಜೊತೆಗೆ ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಯಾಗುತ್ತದೆ. ನೇರ ಬಿಸಿಲಿಲ್ಲದ ಹಗಲ ಬೆಳಕು ಅದಕ್ಕೆ ಬೇಕು. ಡಾಂಬರು ಗುಳಿಗೆಯನ್ನೂ ಹತ್ತಿರ ಇಡಬೇಡಿ, ಅದರ ಆವಿ ವಾರ್ನಿಷನ್ನು ಮೆತ್ತಗಾಗಿಸುತ್ತದೆ. ಎಣ್ಣೆದೀಪ, ಊದಿನಕಡ್ಡಿಯ ಮಸಿ ನೇರ ತಾಗುವಲ್ಲಿ ಚಿತ್ರವಿದ್ದರೆ ಜಾಗ ಬದಲಿಸಿ. ಧೂಳು ತೆಗೆಯಲು ಮೆತ್ತನೆಯ ಒಣ ಬ್ರಷ್ ಸಾಕು, ಮೇಲಿನಿಂದ ಕೆಳಕ್ಕೆ, ತಿಂಗಳಿಗೊಮ್ಮೆ. ಆಲೂಗಡ್ಡೆ, ಬ್ರೆಡ್ಡು, ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆ ಇವೆಲ್ಲ ಕೇಳಿಬರುವ ಉಪಾಯಗಳು, ಒಂದೂ ಬೇಡ. ಪಿಷ್ಟ ಉಳಿದರೆ ಬೂಷ್ಟಿಗೆ ಆಹಾರ, ನೀರು ಬಿರುಕಿನೊಳಗೆ ಇಳಿದರೆ ಅಂಟನ್ನು ಕರಗಿಸುತ್ತದೆ, ಕೊಬ್ಬರಿ ಎಣ್ಣೆ ಒಣಗದೆ ಧೂಳು ಹಿಡಿಯುತ್ತದೆ. ಹೊಸದಾಗಿ ಬರೆದ ಚಿತ್ರ ಕೊಂಡಿದ್ದರೆ ವಾರ್ನಿಷ್‌ಗೆ ಅವಸರ ಬೇಡ. ದಪ್ಪಕ್ಕೆ ತಕ್ಕಂತೆ 6 ತಿಂಗಳಿಂದ 1 ವರ್ಷ ಕಾಯಬೇಕು.

ಬಣ್ಣ ಚಕ್ಕೆಯಾಗಿ ಏಳುತ್ತಿದ್ದರೆ ಮುಟ್ಟಬೇಡಿ, ಫೆವಿಕಾಲ್ ಹಚ್ಚಬೇಡಿ. ಮುಖ ಮೇಲಾಗಿ ಸಪಾಟು ಹಲಗೆಯ ಮೇಲೆ ಮಲಗಿಸಿ, ಉದುರಿದ ಚೂರುಗಳನ್ನು ಕಾಗದದ ಪೊಟ್ಟಣದಲ್ಲಿ ಕೂಡಿಟ್ಟು ಯಾವ ಜಾಗದ್ದು ಎಂದು ಬರೆಯಿರಿ, ಇಡೀ ಚಿತ್ರದ ಮತ್ತು ಹಾನಿಯಾದ ಕಡೆಯ ಫೋಟೋ ತೆಗೆಯಿರಿ. ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಮತ್ತು ಚಿತ್ರಕಲಾ ಪರಿಷತ್ತಿನ ಕಲಾ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ಪ್ರಾದೇಶಿಕ ಪ್ರಯೋಗಾಲಯವಿದೆ. ಫೋಟೋ ಕಳಿಸಿ ಅವರು ಹೇಳಿದ ಮೇಲೆ ಒಯ್ಯಿರಿ. ಒಯ್ಯುವಾಗ ಚಿತ್ರದ ಮುಖಕ್ಕೆ ಬಬಲ್ ರ‍್ಯಾಪ್ ತಾಗಕೂಡದು. ಚೌಕಟ್ಟಿಗಿಂತ 5 ಸೆಂ.ಮೀ. ಆಳ ಹೆಚ್ಚಿರುವ ಪೆಟ್ಟಿಗೆಯಲ್ಲಿ ನಾಲ್ಕು ಮೂಲೆಗೆ ಫೋಮ್ ಕೊಟ್ಟು, ಮುಖದ ಮೇಲೆ ಏನೂ ಒತ್ತದಂತೆ ಮುಚ್ಚಳ ಹಾಕಿ, ಘಟ್ಟದ ತಿರುವಿನಲ್ಲಿ ಅಲುಗದ ಹಾಗೆ ಕಾರಿನ ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಮಲಗಿಸಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ.